ವಿಶ್ವನಾಥ್ ಅವರಿಗೆ ಹಾಲ್ ಆಫ್ ಫೇಮ್ ಯಾಕಿಲ್ಲ?

ಮಾನ್ಯ ಸಂಪಾದಕರೇ,

ಹೋದ ಭಾನುವಾರ ಬೆಳಿಗ್ಗೆ ನಾನು, ನನ್ನ ತಂಗಿ ಮಗ ಇಬ್ಬರೂ ಬೆಣ್ಣೆ ದೋಸೆ ತಿನ್ನಲು ಹೋಗಿದ್ದೆವು. ಜನ ಜಾಸ್ತಿ ಇದ್ದರು, ದೋಸೆ ಬರುವುದು ತಡವಾಯಿತು. ಮಾತು ಕ್ರಿಕೆಟ್ ಕಡೆ ತಿರುಗಿತು. ಎಪ್ಪತ್ತರ ದಶಕದ ನಮ್ಮ ಬ್ಯಾಟ್ಸ್‌ಮನ್ ಜಿ.ಆರ್. ವಿಶ್ವನಾಥ್ ಅವರಿಗೆ, ಶ್ರೇಷ್ಠ ಆಟಗಾರರಿಗೆ ವಿಶ್ವ ಕ್ರಿಕೆಟ್ ಸಂಸ್ಥೆ ಐಸಿಸಿ ಕೊಡುವ ಹಾಲ್ ಆಫ್ ಫೇಮ್ ಗೌರವ ಇನ್ನೂ ಸಿಕ್ಕಿಲ್ಲ ಎಂದು ನಾನು ಬೇಜಾರು ಮಾಡಿಕೊಂಡೆ. ಹುಡುಗ ಮೊಬೈಲ್ ತೆಗೆದ, ಏನೋ ಹುಡುಕಿದ, ನನ್ನ ಕಣ್ಣ ಮುಂದೆ ಹಿಡಿದ. 'ಮಾವ, ಸರಾಸರಿ 41.93. ಇದಕ್ಕೆ ಹೇಗೆ ಕೊಡ್ತಾರೆ?' ಅಂದ.

'ನಿನಗೇನೋ ಗೊತ್ತು' ಎಂದು ರೇಗಿಬಿಟ್ಟೆ. ಮನೆಗೆ ಬಂದ ಮೇಲೆ ಅದು ಉತ್ತರ ಅಲ್ಲ ಅನಿಸಿತು. ಅವನು ಕೇಳಿದ್ದರಲ್ಲಿ ತಪ್ಪಿಲ್ಲ. ವಿಶ್ವನಾಥ್ ಭದ್ರಾವತಿಯವರು. ನಮ್ಮ ದಾವಣಗೆರೆ ಗದ್ದೆಗಳಿಗೆ ಹರಿಯುವುದೂ ಅದೇ ಭದ್ರೆಯ ನೀರು. ಆ ಅಭಿಮಾನ ನನಗಿದೆ, ಮುಚ್ಚಿಡುವುದಿಲ್ಲ. ಆದರೆ ನಮ್ಮ ಕಡೆಯವರು ಎಂಬ ಕಾರಣಕ್ಕೆ ಯಾರೂ ಗೌರವ ಕೊಡಬೇಕಾಗಿಲ್ಲ. ಅರ್ಹತೆ ಇದೆಯೋ ಇಲ್ಲವೋ ಎಂದು ಸರಿಯಾಗಿ ತೂಗಿ ನೋಡಬೇಕು. ಅದಕ್ಕೇ ಈ ಪತ್ರ. ಉದ್ದವಾಗಿದೆ, ದಯವಿಟ್ಟು ಕತ್ತರಿಸಬೇಡಿ.

ಐಸಿಸಿ ಈ ಗೌರವ ಶುರು ಮಾಡಿದ್ದು 2009ರಲ್ಲಿ. ಮೊದಲ ಪಟ್ಟಿಯಲ್ಲೇ ಬೇಡಿ, ಗಾವಸ್ಕರ್, ಕಪಿಲ್ ದೇವ್ ಇದ್ದರು. ಆಮೇಲೆ ನಮ್ಮ ಕುಂಬ್ಳೆ 2015ರಲ್ಲಿ, ದ್ರಾವಿಡ್ 2018ರಲ್ಲಿ ಬಂದರು. ಸಚಿನ್, ವಿನೂ ಮಂಕಡ್, ಸೆಹ್ವಾಗ್, ಡಯಾನಾ ಎಡುಲ್ಜಿ, ನೀತು ಡೇವಿಡ್ ಬಂದರು. 2025ರಲ್ಲಿ ಧೋನಿ ಬಂದಾಗ ಭಾರತದವರು 11 ಜನ ಆದರು. ಸರಿಯಾಗಿ ಒಂದು ತಂಡ. ಅದರಲ್ಲಿ ವಿಶ್ವನಾಥ್ ಇಲ್ಲ. ಪ್ರಸನ್ನ ಇಲ್ಲ, ಚಂದ್ರಶೇಖರ್ ಇಲ್ಲ. ಆ ಇಬ್ಬರ ವಿಷಯ ಬರೆದರೆ ಇನ್ನೊಂದು ಪತ್ರವೇ ಬೇಕು.

ಬ್ಯಾಟ್ಸ್‌ಮನ್‌ಗಳಿಗೆ ಐಸಿಸಿ ಇಟ್ಟುಕೊಂಡಿದ್ದ ಅಳತೆ ಎಂದರೆ 8,000 ರನ್ ಮತ್ತು 20 ಶತಕ, ಇಲ್ಲವೇ 50ಕ್ಕಿಂತ ಜಾಸ್ತಿ ಸರಾಸರಿ. ವಿಶ್ವನಾಥ್ 91 ಟೆಸ್ಟ್‌ಗಳಲ್ಲಿ 6,080 ರನ್ ಹೊಡೆದರು, 14 ಶತಕ. ಅಂದರೆ ಒಂದು ಲೆಕ್ಕದಲ್ಲೂ ಅವರು ದಾಟುವುದಿಲ್ಲ. ಇದನ್ನು ಒಪ್ಪಿಕೊಂಡೇ ಮುಂದೆ ಹೋಗುತ್ತೇನೆ.

ಎರಡು ವರ್ಷದ ಹಿಂದೆ ನಾನು, ನನ್ನ ಹೆಂಡತಿ ಅಮೆರಿಕದಲ್ಲಿರುವ ಮಗನ ಮನೆಗೆ ಹೋಗಿದ್ದೆವು. ನ್ಯೂಜೆರ್ಸಿಯಲ್ಲಿ ಅವನ ಮನೆ. ಮೊಮ್ಮಗಳು ಶಾಲೆಯಲ್ಲಿ ಸಾಫ್ಟ್‌ಬಾಲ್ ಆಡುತ್ತಾಳೆ. ತಾತ ಪಿ.ಇ. ಮೇಷ್ಟ್ರು ಎಂದು ಅವಳಿಗೆ ಗೊತ್ತು. 'ತಾತಂಗೆ ಕೂಪರ್ಸ್‌ಟೌನ್ ತೋರಿಸಲೇಬೇಕು' ಎಂದು ಹಟ ಹಿಡಿದಳು. ನ್ಯೂಯಾರ್ಕ್ ರಾಜ್ಯದ ಒಳಗೆ ಒಂದು ಕೆರೆ ದಡದಲ್ಲಿರುವ ಪುಟ್ಟ ಊರು ಅದು. ಬೇಸ್‌ಬಾಲ್ ಹಾಲ್ ಆಫ್ ಫೇಮ್ ಇರುವುದು ಅಲ್ಲೇ. ಮೊದಲ ಐದು ಆಟಗಾರರನ್ನು ಆರಿಸಿದ್ದು 1936ರಲ್ಲಿ, ಬಾಗಿಲು ತೆರೆದದ್ದು 1939ರಲ್ಲಿ. ಒಳಗೆ ಉದ್ದನೆಯ ಹಜಾರ. ಎರಡೂ ಕಡೆ ಗೋಡೆಯ ತುಂಬಾ ಕಂಚಿನ ಫಲಕಗಳು. ಒಂದೊಂದರಲ್ಲೂ ಒಬ್ಬ ಆಟಗಾರನ ಮುಖ, ಕೆಳಗೆ ಏಳೆಂಟು ಸಾಲು. ಅಷ್ಟೇ. ಜನ ಪಿಸುಮಾತಿನಲ್ಲಿ ಓದುತ್ತಾ ನಡೆಯುತ್ತಾರೆ. ನಾನೂ ಹೊರಗೆ ಚಪ್ಪಲಿ ಬಿಟ್ಟು ಬರಬೇಕಿತ್ತೇನೋ ಅನ್ನುವಷ್ಟು ಶಾಂತವಾಗಿತ್ತು.

ಬೇಸ್‌ಬಾಲ್ ನನಗೆ ಪೂರ್ತಿ ಅರ್ಥವಾಗುವುದಿಲ್ಲ. ಆದರೆ ಅವರು ಆರಿಸುವ ಕ್ರಮ ನನಗೆ ಬಹಳ ಹಿಡಿಸಿತು. ಆಟಗಾರ ಕನಿಷ್ಠ 10 ಸೀಸನ್ ಆಡಿರಬೇಕು, ನಿವೃತ್ತಿಯಾಗಿ 5 ವರ್ಷ ಕಳೆದಿರಬೇಕು. ಮತ ಹಾಕುವವರು ಬೇಸ್‌ಬಾಲ್ ಬಗ್ಗೆ ಬರೆಯುವ ಪತ್ರಕರ್ತರು. ನೂರಕ್ಕೆ 75 ಮತ ಬಂದರೆ ಮಾತ್ರ ಒಳಗೆ. 5ಕ್ಕಿಂತ ಕಡಿಮೆ ಬಂದರೆ ಪಟ್ಟಿಯಿಂದಲೇ ಹೊರಗೆ. ಈ ಎರಡರ ಮಧ್ಯೆ ಬಿದ್ದವರಿಗೆ 10 ವರ್ಷದವರೆಗೆ ಅವಕಾಶ. ವರ್ಷ ವರ್ಷವೂ ಚರ್ಚೆ, ವಾದ, ಲೆಕ್ಕ. ಆಮೇಲೂ ಉಳಿದುಹೋದ ಹಳಬರಿಗೆ 16 ಜನರ ಒಂದು ಸಮಿತಿ ಇದೆ. ಅದರಲ್ಲಿ 12 ಮತ ಬೇಕು.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಯಾವುದನ್ನು ನೋಡಿ ಮತ ಹಾಕಬೇಕು ಎಂದು ನಿಯಮದಲ್ಲೇ ಬರೆದಿದ್ದಾರೆ. ಆಟಗಾರನ ದಾಖಲೆ, ಆಟದ ಸಾಮರ್ಥ್ಯ, ಪ್ರಾಮಾಣಿಕತೆ, ಕ್ರೀಡಾ ಮನೋಭಾವ, ನಡತೆ, ಆಡಿದ ತಂಡಕ್ಕೆ ಕೊಟ್ಟ ಕೊಡುಗೆ. ಆರು ವಿಷಯ. ಅಂಕಿಗಳಲ್ಲಿ ಸಿಗುವುದು ಅದರಲ್ಲಿ ಒಂದೋ ಎರಡೋ. ಬ್ಯಾರಿ ಬಾಂಡ್ಸ್ ಎಂಬ ಆಟಗಾರ 762 ಹೋಮ್ ರನ್, ಅಂದರೆ ನಮ್ಮ ಸಿಕ್ಸರ್ ಇದ್ದ ಹಾಗೆ, ಹೊಡೆದವರು. ಅಮೆರಿಕದ ಮೇಜರ್ ಲೀಗ್‌ನಲ್ಲಿ ಅಷ್ಟು ಹೊಡೆದವರು ಬೇರೆ ಯಾರೂ ಇಲ್ಲ. ಉದ್ದೀಪನ ಮದ್ದಿನ ಆರೋಪ ಇದ್ದ ಕಾರಣ 10 ವರ್ಷವೂ ಪತ್ರಕರ್ತರ ಮತ 75 ಮುಟ್ಟಲಿಲ್ಲ. ಅದೇ ಗೋಡೆಯ ಮೇಲೆ ಸ್ಯಾಂಡಿ ಕೋಫ್ಯಾಕ್ಸ್ ಇದ್ದಾರೆ. ಅವರು ಪಿಚರ್, ಅಂದರೆ ನಮ್ಮ ಬೌಲರ್ ಇದ್ದ ಹಾಗೆ. ಪಿಚರ್‌ಗೆ 300 ಗೆಲುವು ಎಂದರೆ ದೊಡ್ಡ ಗುರುತು. ಕೋಫ್ಯಾಕ್ಸ್ ಗೆದ್ದದ್ದು 165 ಮಾತ್ರ. ಮೊಣಕೈ ನೋವಿನಿಂದ 30ನೇ ವಯಸ್ಸಿಗೇ ಆಟ ಬಿಟ್ಟರು. ಆದರೂ 1972ರಲ್ಲಿ, ಮೊದಲ ಸಲ ಹೆಸರು ಬಂದಾಗಲೇ ಆರಿಸಿದರು. ಆಗ ಅವರ ವಯಸ್ಸು 36. ಕೊನೆಯ ಕೆಲವು ವರ್ಷ ಅವರು ಆಡಿದ ಆಟವನ್ನು ನೋಡಿದವರಿಗೆ 300 ಎಂಬ ಅಂಕಿ ಬೇಕಾಗಲಿಲ್ಲ.

ಮೊಮ್ಮಗಳು ಆ ಫಲಕ ಓದಿ ಹೇಳುತ್ತಿದ್ದಾಗ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ವಿಶ್ವನಾಥ್ ಅವರ 97.

ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. 1975ರ ಜನವರಿ 11, ಶನಿವಾರ. ಸಂಕ್ರಾಂತಿಗೆ ಮೂರು ದಿನ ಇತ್ತು. ನಾನು ಪಿಯುಸಿ ಓದುತ್ತಿದ್ದೆ. ಅಪ್ಪ ಕಾಟನ್ ಮಿಲ್ಲಿನಲ್ಲಿ ಫಿಟ್ಟರ್. ಮನೆಯಲ್ಲಿ ರೇಡಿಯೊ ಇರಲಿಲ್ಲ. ಮಂಡಿಪೇಟೆಯ ಒಂದು ಟೇಲರ್ ಅಂಗಡಿಯಲ್ಲಿ ಇತ್ತು. ಹಬ್ಬದ ಹೊಲಿಗೆ ರಾಶಿ ಬಿದ್ದಿತ್ತು. ಟೇಲರ್ ಮಾಮನಿಗೆ ಕ್ರಿಕೆಟ್ ಹುಚ್ಚು, ಆದರೆ ಇಂಗ್ಲಿಷ್ ಬರುತ್ತಿರಲಿಲ್ಲ. ಕಾಮೆಂಟರಿ ಕೇಳಿ ಕನ್ನಡದಲ್ಲಿ ಹೇಳುವುದು ನನ್ನ ಕೆಲಸ. ಬದಲಿಗೆ ಒಂದು ಟೀ.

ಮದ್ರಾಸಿನಲ್ಲಿ ವೆಸ್ಟ್ ಇಂಡೀಸ್ ಮೇಲೆ ನಾಲ್ಕನೇ ಟೆಸ್ಟ್. ಆ್ಯಂಡಿ ರಾಬರ್ಟ್ಸ್ ಬೆಂಕಿಯ ಹಾಗೆ ಬೌಲ್ ಮಾಡುತ್ತಿದ್ದರು. ಆಗ ಹೆಲ್ಮೆಟ್ ಎಂಬುದೇ ಇರಲಿಲ್ಲ. ಒಂದು ಕಡೆ ವಿಕೆಟ್ ಬೀಳುತ್ತಲೇ ಹೋಯಿತು. ಮಾಮ ಅಳತೆ ಬರೆದುಕೊಳ್ಳುವ ಪುಸ್ತಕ ನನ್ನ ಕೈಗೆ ಕೊಟ್ಟು 'ಸ್ಕೋರ್ ಬರಿ' ಅಂದರು. ರಾಬರ್ಟ್ಸ್ ಓಡಿಬರಲು ಶುರು ಮಾಡಿದರು ಎಂದರೆ ಮಾಮನ ಕಾಲು ಮಷೀನಿನ ಪೆಡಲ್ ಮೇಲೆ ನಿಂತುಬಿಡುತ್ತಿತ್ತು. ಚೆಂಡು ಏನಾಯಿತು ಎಂದು ನಾನು ಹೇಳಿದ ಮೇಲೆ ಮತ್ತೆ ಟಕಟಕ ಶುರು. ಹೀಗೇ ಸಂಜೆಯವರೆಗೆ. ಕೊನೆಗೆ ಚಂದ್ರಶೇಖರ್ ಔಟಾದಾಗ ಭಾರತ 190. ವಿಶ್ವನಾಥ್ ಔಟಾಗದೆ 97. ರಾಬರ್ಟ್ಸ್‌ಗೆ 64 ರನ್‌ಗೆ 7 ವಿಕೆಟ್. ತಂಡದ ಅರ್ಧಕ್ಕಿಂತ ಜಾಸ್ತಿ ರನ್ ಒಬ್ಬರದೇ. ಆ ಟೆಸ್ಟ್ ನಾವು 100 ರನ್‌ಗಳಿಂದ ಗೆದ್ದೆವು. ಅದಕ್ಕೆ ಮುಂಚಿನ ಕಲ್ಕತ್ತ ಟೆಸ್ಟ್ ಕೂಡ ಗೆದ್ದಿದ್ದೆವು. ಅಲ್ಲಿ ವಿಶ್ವನಾಥ್ 139.

ಆ ಪುಸ್ತಕ ಈಗ ನನ್ನ ಹತ್ತಿರ ಇದೆ. ಮಾಮ ತೀರಿಕೊಂಡ ಮೇಲೆ ಅವರ ಮಗ ತಂದುಕೊಟ್ಟರು. ಒಂದು ಪುಟದ ಮೇಲೆ ಯಾರದೋ ಅಂಗಿಯ ಅಳತೆ: ಎದೆ 36, ತೋಳು 23, ಕಾಲರ್ 15. ಕೆಳಗೆ ನನ್ನ ಕೋಳಿಕಾಲಿನ ಅಕ್ಷರದಲ್ಲಿ ಸ್ಕೋರು. 97ರ ಪಕ್ಕದ ನಕ್ಷತ್ರವನ್ನು, ಅಂದರೆ ಔಟಾಗಿಲ್ಲ ಎಂಬ ಗುರುತನ್ನು, ಮಾತ್ರ ಮಾಮ ತಾವೇ ಹಾಕಿದರು, ಬಟ್ಟೆಗೆ ಗುರುತು ಹಾಕುವ ನೀಲಿ ಚಾಕ್‌ನಿಂದ. 50 ವರ್ಷ ಆದರೂ ಪೂರ್ತಿ ಅಳಿಸಿಲ್ಲ.

ಆ 97 ಶತಕಗಳ ಲೆಕ್ಕಕ್ಕೆ ಬರುವುದಿಲ್ಲ. 20 ಶತಕ ಎಂಬ ನಿಯಮದ ಮುಂದೆ ಅದಕ್ಕೆ ಬೆಲೆಯೇ ಇಲ್ಲ. ನನಗೆ ಇದು ಸರಿ ಕಾಣುವುದಿಲ್ಲ.

ನನ್ನ ತಂಗಿ ಮಗನಿಗೆ ಇನ್ನೊಂದು ವಾದವೂ ಇತ್ತು. 14 ಶತಕಗಳಲ್ಲಿ 10 ಭಾರತದಲ್ಲೇ ಹೊಡೆದದ್ದು, ಹೊರಗೆ ನಾಲ್ಕೇ ಎಂದ. ಇದು ನಿಜ. ಇದನ್ನು ತೂಕಕ್ಕೆ ಹಾಕಲೇಬೇಕು. ಬೇಸ್‌ಬಾಲ್‌ನಲ್ಲೂ ಇಂಥದೇ ಜಗಳ ವರ್ಷಗಟ್ಟಲೆ ನಡೆದಿದೆ. ಟಾಡ್ ಹೆಲ್ಟನ್ ಎಂಬುವರು 17 ಸೀಸನ್ ಪೂರ್ತಿ ಡೆನ್ವರ್ ಊರಿನ ತಂಡಕ್ಕೇ ಆಡಿದರು. ಆ ಊರು ಸಮುದ್ರ ಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿ ತೆಳು, ಹೊಡೆದ ಚೆಂಡು ಜಾಸ್ತಿ ದೂರ ಹೋಗುತ್ತದೆ. 'ಅವರ ರನ್ನುಗಳನ್ನು ಆ ಮೈದಾನವೇ ಹೊಡೆದದ್ದು' ಎಂಬ ಮಾತು ಬಂತು. ಮತ ಹಾಕುವವರು ಲೆಕ್ಕ ಹಾಕಿದರು, ಮತ್ತೆ ಮತ್ತೆ ನೋಡಿದರು. ಆರನೇ ಸಲ, 2024ರಲ್ಲಿ, ಹೆಲ್ಟನ್ ಆಯ್ಕೆಯಾದರು. ಅನುಮಾನವನ್ನು ಅವರು ಬದಿಗೆ ತಳ್ಳಲಿಲ್ಲ. ಅನುಮಾನ ಬಂದ ಕೂಡಲೇ ಹೆಸರನ್ನೂ ತಳ್ಳಿಹಾಕಲಿಲ್ಲ.

ಹಾಗೆಯೇ ವಿಶ್ವನಾಥ್ ಅವರ ಆ ನಾಲ್ಕನ್ನು ನೋಡೋಣ. ಫೈಸಲಾಬಾದ್‌ನಲ್ಲಿ 145. ಲಾರ್ಡ್ಸ್‌ನಲ್ಲಿ 113. ಇನ್ನೆರಡು ಯಾವುವು ಗೊತ್ತಾ? 1976ರ ಏಪ್ರಿಲ್, ಪೋರ್ಟ್ ಆಫ್ ಸ್ಪೇನ್. ಗೆಲ್ಲಲು 403 ಬೇಕಿತ್ತು. ಗಾವಸ್ಕರ್ 102, ಮೊಹಿಂದರ್ ಅಮರನಾಥ್ 85, ವಿಶ್ವನಾಥ್ 112. ನಾಲ್ಕು ವಿಕೆಟ್‌ಗೆ 406 ಹೊಡೆದು ಗೆದ್ದೆವು. ಇನ್ನೊಂದು 1981ರ ಫೆಬ್ರುವರಿ, ಮೆಲ್ಬರ್ನ್. ಭಾರತ 237, ಅದರಲ್ಲಿ ವಿಶ್ವನಾಥ್ 114. ಆ ಸರಣಿಯಲ್ಲಿ ಅಲ್ಲಿಯವರೆಗೆ ಅವರಿಗೆ ರನ್ ಬಂದಿರಲಿಲ್ಲ. ಕೊನೆಯ ಇನಿಂಗ್ಸ್‌ನಲ್ಲಿ ಕಪಿಲ್ 28 ರನ್‌ಗೆ 5 ವಿಕೆಟ್ ತೆಗೆದು ಆಸ್ಟ್ರೇಲಿಯಾವನ್ನು 83ಕ್ಕೆ ಮಲಗಿಸಿದ್ದು ಎಲ್ಲರಿಗೂ ನೆನಪಿದೆ. ಆ 114 ಇಲ್ಲದಿದ್ದರೆ ಕಪಿಲ್ ಏನಿಟ್ಟುಕೊಂಡು ಬೌಲ್ ಮಾಡಬೇಕಿತ್ತು?

14 ಶತಕಗಳನ್ನೂ ನಾನು ಒಂದೊಂದಾಗಿ ಬರೆದು ನೋಡಿದ್ದೇನೆ. ಆ 14 ಟೆಸ್ಟ್‌ಗಳಲ್ಲಿ 4 ಗೆಲುವು, 10 ಡ್ರಾ. ವಿಶ್ವನಾಥ್ ಶತಕ ಹೊಡೆದ ಒಂದು ಟೆಸ್ಟನ್ನೂ ಭಾರತ ಸೋತಿಲ್ಲ. ಆಗಿನ ಭಾರತ ಈಗಿನ ಭಾರತ ಅಲ್ಲ, ಸೋಲುವುದೇ ಜಾಸ್ತಿ ಇದ್ದ ಕಾಲ. ತಂಡಕ್ಕೆ ಕೊಟ್ಟ ಕೊಡುಗೆ ಎಂದು ಕೂಪರ್ಸ್‌ಟೌನ್‌ನವರು ಬರೆದುಕೊಂಡಿರುವುದು ಇದನ್ನೇ ಅಲ್ವಾ?

ಐಸಿಸಿಯ ಅಳತೆಯಾದರೂ ಎಲ್ಲರಿಗೂ ಒಂದೇ ಆಗಿದೆಯಾ ಎಂದರೆ ಅದೂ ಇಲ್ಲ. ಬೌಲರ್‌ಗಳಿಗೆ ಟೆಸ್ಟ್‌ನಲ್ಲಿ ಸುಮಾರು 50 ಚೆಂಡಿಗೆ ಒಂದು ವಿಕೆಟ್ ಎಂಬ ಲೆಕ್ಕ ಇತ್ತು. ಬೇಡಿ ಅವರದು 67 ಟೆಸ್ಟ್, 266 ವಿಕೆಟ್, ಒಂದು ವಿಕೆಟ್‌ಗೆ ಸುಮಾರು 80 ಚೆಂಡು. ಆದರೂ ಅವರಿಗೆ ಕೊಟ್ಟರು. ಕೊಟ್ಟದ್ದು ನೂರಕ್ಕೆ ನೂರು ಸರಿ. ಬೇಡಿ ಬೌಲಿಂಗ್ ನೋಡಿದವರು ಯಾರೂ ಚೆಂಡು ಎಣಿಸಲಿಲ್ಲ. ಅದೇ ನ್ಯಾಯ ವಿಶ್ವನಾಥ್ ಅವರಿಗೂ ಸಿಗಬೇಕು ಅಂತಲೇ ನಾನು ಕೇಳುತ್ತಿರುವುದು.

ಅವರ ಆಟವನ್ನು ನಾನು ಕಣ್ಣಾರೆ ನೋಡಿದ್ದು ಒಂದೇ ಸಲ. 1979ರ ಸೆಪ್ಟೆಂಬರ್, ಬೆಂಗಳೂರಿನಲ್ಲಿ ಆಸ್ಟ್ರೇಲಿಯಾ ಮೇಲೆ. ರಾತ್ರಿ ಬಸ್ಸಿಗೆ ಹೋಗಿ, ಮೆಜೆಸ್ಟಿಕ್‌ನಲ್ಲಿ ಮುಖ ತೊಳೆದುಕೊಂಡು ಸೀದಾ ಸ್ಟೇಡಿಯಂಗೆ ಹೋದೆ. ವಿಶ್ವನಾಥ್ ಔಟಾಗದೆ 161. ಅವರ ಸ್ಕ್ವೇರ್ ಕಟ್ ಬಗ್ಗೆ ಎಷ್ಟೋ ಜನ ಬರೆದಿದ್ದಾರೆ. ನಾನು ನೋಡಿದ್ದು ಇಷ್ಟು: ಚೆಂಡು ಅವರನ್ನು ದಾಟಿ ಹೋಯಿತು ಎಂದೇ ನಾವು ಅಂದುಕೊಂಡಿರುತ್ತಿದ್ದೆವು. ಆಗ ಬ್ಯಾಟು ಮೇಲಿನಿಂದ ಕೆಳಗೆ ಬರುತ್ತಿತ್ತು, ಕೈ ಅಲ್ಲ, ಮಣಿಕಟ್ಟು ಮಾತ್ರ ತಿರುಗುತ್ತಿತ್ತು. ಫೀಲ್ಡರ್ ಕದಲುವ ಮೊದಲೇ ಚೆಂಡು ಹಗ್ಗದ ಹತ್ತಿರ ಇರುತ್ತಿತ್ತು. ಅಷ್ಟು ಗಿಡ್ಡ ಆಳು. ಆದರೆ ಆ ಕಟ್ ಹೊಡೆಯುವಾಗ ತುದಿಗಾಲಲ್ಲಿ ಎದ್ದು ನಿಂತರೆ ಬೌಲರ್‌ಗಿಂತ ಎತ್ತರ ಕಾಣುತ್ತಿದ್ದರು. ಅದೇ ಟೆಸ್ಟ್‌ನಲ್ಲಿ ಆಸ್ಟ್ರೇಲಿಯಾದ ವೇಗದ ಬೌಲರ್ ಹಾಗ್ ಸಿಟ್ಟಿಗೆ ವಿಕೆಟ್‌ಗೆ ಒದ್ದಿದ್ದರು. ನೋಬಾಲ್ ಕೊಟ್ಟರು ಎಂದು. ಆಟದಲ್ಲಿ ಸಿಟ್ಟು ಬರುತ್ತದೆ, ಅದು ಗೊತ್ತು. ಅದಾಗಿ ಐದೇ ತಿಂಗಳಿಗೆ ವಿಶ್ವನಾಥ್ ಮಾಡಿದ್ದನ್ನು ನೋಡಿ.

1980ರ ಫೆಬ್ರುವರಿ, ಮುಂಬೈಯಲ್ಲಿ ಸುವರ್ಣ ಮಹೋತ್ಸವದ ಟೆಸ್ಟ್. ವಿಶ್ವನಾಥ್ ನಾಯಕ. ಇಂಗ್ಲೆಂಡ್ 58ಕ್ಕೆ 5 ಕಳೆದುಕೊಂಡಿತ್ತು. ಬಾಬ್ ಟೇಲರ್ ಕೀಪರ್‌ಗೆ ಕ್ಯಾಚ್ ಕೊಟ್ಟರು ಎಂದು ಅಂಪೈರ್ ಬೆರಳೆತ್ತಿದರು. ಸ್ಲಿಪ್‌ನಲ್ಲಿ ನಿಂತಿದ್ದ ವಿಶ್ವನಾಥ್‌ಗೆ ಚೆಂಡು ಬ್ಯಾಟಿಗೆ ತಾಗಿಲ್ಲ ಅನಿಸಿತು. ಅಂಪೈರ್ ಹತ್ತಿರ ಹೋಗಿ ಹೇಳಿ, ಟೇಲರ್ ಅವರನ್ನು ವಾಪಸ್ ಕರೆಸಿದರು. ಟೇಲರ್, ಬಾಥಮ್ ಸೇರಿ 171 ರನ್ ಹೊಡೆದರು. ನಾವು 10 ವಿಕೆಟ್‌ಗಳಿಂದ ಸೋತೆವು. ವಿಶ್ವನಾಥ್ ನಾಯಕರಾಗಿದ್ದು ಎರಡೇ ಟೆಸ್ಟ್‌ಗಳಿಗೆ. ಅದರಲ್ಲಿ ಒಂದು ಹೀಗೆ ಹೋಯಿತು.

ದಾಖಲೆ ಪುಸ್ತಕದಲ್ಲಿ ಅದು ಒಂದು ಸೋಲು, ಅಷ್ಟೇ. ಆದರೆ ನಾನು 31 ವರ್ಷ ಮೇಷ್ಟ್ರಾಗಿ ಆ ಕಥೆಯನ್ನು ಪ್ರತಿ ವರ್ಷ ಮಕ್ಕಳಿಗೆ ಹೇಳಿದ್ದೇನೆ. ಒಂದು ವರ್ಷ ನಮ್ಮ ಹೈಸ್ಕೂಲ್ ಮೈದಾನದಲ್ಲಿ ಶಾಲೆಗಳ ಫೈನಲ್ ನಡೆಯುತ್ತಿತ್ತು. ನಮ್ಮ ಕ್ಯಾಪ್ಟನ್ ಹುಡುಗ ಸ್ಲಿಪ್‌ನಲ್ಲಿ ಕ್ಯಾಚ್ ಹಿಡಿದ. ಅಂಪೈರ್ ಔಟ್ ಕೊಟ್ಟರು. ಇವನು ಕೈ ಎತ್ತಿ, 'ಸಾರ್, ನೆಲಕ್ಕೆ ಬಿದ್ದು ಬಂತು' ಎಂದ. ಔಟಾದವನು ವಾಪಸ್ ಬಂದ, ಪಂದ್ಯ ಗೆದ್ದುಕೊಂಡು ಹೋದ. ಶೀಲ್ಡ್ ಕಳೆದುಕೊಂಡದ್ದಕ್ಕೆ ನಮ್ಮವರೇ ಕೆಲವರು ಹುಡುಗನನ್ನು ಬೈದರು. ಅವನು ಅಳುತ್ತಾ ನನ್ನ ಹತ್ತಿರ ಬಂದು, 'ಸಾರ್, ವಿಶ್ವನಾಥ್ ಕರೆದಿದ್ರಲ್ವಾ?' ಅಂದ. ನನಗೆ ಗಂಟಲು ಕಟ್ಟಿತು. ಬೆನ್ನು ತಟ್ಟಿದೆ, ಮಾತು ಬರಲಿಲ್ಲ. ಈಗ ಅವನು ಹಳೇ ಪಿ.ಬಿ. ರಸ್ತೆಯಲ್ಲಿ ಟೈರ್ ಅಂಗಡಿ ಇಟ್ಟಿದ್ದಾನೆ. ಈ ಪತ್ರಕ್ಕೆ ಮೊದಲ ಓದುಗ ಅವನೇ.

ಐಸಿಸಿಯ ಅಳತೆಯಲ್ಲಿ ಇದಕ್ಕೆ ಜಾಗವೇ ಇಲ್ಲ. ಬೇಸ್‌ಬಾಲ್‌ನವರು ಪ್ರಾಮಾಣಿಕತೆ, ಕ್ರೀಡಾ ಮನೋಭಾವ ಎಂದು ಬರೆದಿಟ್ಟುಕೊಂಡಿದ್ದಾರೆ. ಅವರಿಗೂ ಇದು ಸುಲಭವಾಗಿ ಬಗೆಹರಿದಿಲ್ಲ, ನನಗೆ ಗೊತ್ತು. ಆದರೂ ಬರೆದಿಟ್ಟಿದ್ದಾರಲ್ಲ.

ಈಗ ನನ್ನ ಕೋರಿಕೆ. 2021ರಲ್ಲಿ ಐಸಿಸಿ ಹಳೆಯ ಕಾಲವನ್ನು ಐದು ಭಾಗ ಮಾಡಿ, ಒಂದೊಂದರಿಂದ ಇಬ್ಬರಂತೆ 10 ಜನರನ್ನು ಒಂದೇ ಸಲ ಸೇರಿಸಿತು. ವಿನೂ ಮಂಕಡ್ ಅವರಿಗೆ ಗೌರವ ಸಿಕ್ಕಿದ್ದು ಆಗಲೇ. ಆದರೆ ಮಂಕಡ್ 1978ರಲ್ಲೇ ತೀರಿಕೊಂಡಿದ್ದರು. ಕೂಪರ್ಸ್‌ಟೌನ್‌ನಲ್ಲೂ ಇಂಥ ನೋವು ಆಗಿದೆ. ಡಿಕ್ ಆಲನ್ ಎಂಬ ಆಟಗಾರನಿಗೆ ಹಳಬರ ಸಮಿತಿಯಲ್ಲಿ 2014ರಲ್ಲಿ ಒಂದೇ ಒಂದು ಮತ ಕಡಿಮೆ ಬಿತ್ತು. ಅವರು 2020ರಲ್ಲಿ ತೀರಿಕೊಂಡರು. ಮರುವರ್ಷ ಮತ್ತೆ ಒಂದೇ ಮತ ಕಡಿಮೆ. ಕೊನೆಗೆ 2024ರ ಡಿಸೆಂಬರ್‌ನಲ್ಲಿ ಆರಿಸಿದರು. ಫಲಕ ನೋಡಲು ಅವರೇ ಇರಲಿಲ್ಲ.

ವಿಶ್ವನಾಥ್ ಹುಟ್ಟಿದ್ದು 1949ರ ಫೆಬ್ರುವರಿ 12. ದೇವರ ದಯೆಯಿಂದ ನಮ್ಮ ಮಧ್ಯೆ ಇದ್ದಾರೆ. ಹಳೆಯ ಕಾಲದ ಆಟಗಾರರಿಗಾಗಿ ಐಸಿಸಿ ಇನ್ನೊಂದು ಸಲ ಕೂರಲಿ. ನಮ್ಮ ರಾಜ್ಯ ಸಂಸ್ಥೆ, ಬಿಸಿಸಿಐ ಅವರ ಹೆಸರನ್ನು ಲಿಖಿತವಾಗಿ ಕಳಿಸಲಿ. ನಿಮ್ಮ ಪತ್ರಿಕೆಯ ಕ್ರೀಡಾ ಪುಟದವರು ಆ 14 ಶತಕಗಳ ಪಟ್ಟಿಯನ್ನು ಒಂದು ಭಾನುವಾರ ಪ್ರಕಟಿಸಲಿ. ಜೊತೆಗೆ ಆ 97 ಕೂಡ ಇರಲಿ. ಈಗಿನ ಹುಡುಗರು ಓದಿ, ತಾವೇ ತೂಗಿ ನೋಡಲಿ. ಬೇಡ ಅನಿಸಿದರೆ ಬೇಡ ಎಂದೇ ಬರೆಯಲಿ. ಅದನ್ನೂ ಹಾಕಿ.

ಟೇಲರ್ ಮಾಮನ ಪುಸ್ತಕದ ಆ ಪುಟದ ಜೆರಾಕ್ಸ್ ಈ ಪತ್ರದ ಜೊತೆ ಇಟ್ಟಿದ್ದೇನೆ. ನೀಲಿ ಚಾಕ್ ಜೆರಾಕ್ಸ್‌ನಲ್ಲಿ ಬರಲಿಲ್ಲ. ಹಾಗಾಗಿ 97ರ ಪಕ್ಕದ ನಕ್ಷತ್ರವನ್ನು ಪೆನ್ನಿನಲ್ಲಿ ನಾನೇ ಹಾಕಿದ್ದೇನೆ.

ಇಂತಿ ನಿಮ್ಮ ಓದುಗ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ, ವಿದ್ಯಾನಗರ, ದಾವಣಗೆರೆ